ಊರಿಂದ ಕಲಬುರಗಿ ದವಾಖಾನೆಗೆ: ರೋಗಿಯ ಜೊತೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಜೇವರ್ಗಿ ತಾಲ್ಲೂಕಿನವಳು. ಇರುವುದು ಕಲಬುರಗಿಯಲ್ಲಿ. ಹಾಗಾಗಿ ಊರಲ್ಲಿ ಯಾರಿಗೆ ಆರಾಮಿಲ್ಲ ಅಂದ್ರೂ ಮೊದಲ ಫೋನ್ ನನಗೇ ಬರುತ್ತದೆ. "ಅಕ್ಕಾ, ಅಪ್ಪಗ ಭಾಳ ಆರಾಮಿಲ್ಲ, ಕರ್ಕೊಂಡು ಬರ್ಲಕತ್ತೀವಿ, ಯಾವ ದವಾಖಾನಿಗಿ ಹೋಗಬೇಕು?" ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಹೇಳುತ್ತಾ ನಾನೇ ಸುಮಾರು ಕಲಿತೆ. ನಮ್ಮ ಅವ್ವನ ಹೃದಯದ ತೊಂದರೆ, ಕಾಕಾನ ಡಯಾಲಿಸಿಸ್, ಓಣಿಯ ಹೆಣ್ಣುಮಕ್ಕಳ ಹೆರಿಗೆ, ಎಲ್ಲದರಲ್ಲೂ ಓಡಾಡಿದ್ದೇನೆ.

ಚಿಕಿತ್ಸೆ ಕೊಡುವವರು ಡಾಕ್ಟರು. ಆದರೆ ರೋಗಿ ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ, ಬೇಕಾದ ಕಾಗದ ಹಿಡಿದು ಹೋಗುವುದು ಜೊತೆಗಿರುವವರ ಕೆಲಸ. ಆ ಕೆಲಸವನ್ನು ಯಾರೂ ನಮಗೆ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಬರೆಯುವುದು ಹೆಚ್ಚಾಗಿ ಕಲಬುರಗಿಯದು. ಬೀದರ್, ಯಾದಗಿರಿಯವರಿಗೂ ಬಹಳಷ್ಟು ಹೊಂದುತ್ತದೆ.

ಮೊದಲ ಹೆಜ್ಜೆ: ಚೀಲ ಇವತ್ತೇ ಕಟ್ಟಿಡಿ

ಆರಾಮ ಇರುವಾಗಲೇ ಇದನ್ನು ಮಾಡಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಶುಗರ್ ಬಿ.ಪಿ. ಇರುವವರಿದ್ದರೆ, ಬಸುರಿ ಇದ್ದರೆ, ಒಂದು ಬಟ್ಟೆ ಚೀಲವನ್ನು ದವಾಖಾನೆಗೆಂದೇ ಎತ್ತಿಡಿ. ಅದರಲ್ಲಿ ರೇಷನ್ ಕಾರ್ಡ್, ರೋಗಿಯ ಆಧಾರ್, ಎರಡರದೂ ನಾಲ್ಕೈದು ಝೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್, ಹಳೆಯ ಚೀಟಿಗಳೆಲ್ಲ ಇರಲಿ. ಆಧಾರಿಗೆ ಜೋಡಿಸಿದ ಸಿಮ್ ಯಾರ ಫೋನಿನಲ್ಲಿದೆಯೋ ಆ ಫೋನ್ ಜೊತೆಗೇ ಬರಬೇಕು. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಮಾಡಿಸುವಾಗ ಓಟಿಪಿ ಬರುವುದು ಅದಕ್ಕೇ. ಮಗ ಆ ಫೋನ್ ಹಿಡಿದು ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿರುತ್ತಾನೆ, ಇಲ್ಲಿ ಕೆಲಸ ನಿಲ್ಲುತ್ತದೆ. ಇದನ್ನು ಬಹಳ ಸಲ ಕಂಡಿದ್ದೇನೆ.

ಗುಳಿಗೆಗಳ ಹೆಸರು ನೆನಪಿಡಬೇಕಿಲ್ಲ. ಗುಳಿಗೆಯ ಪಟ್ಟಿಯನ್ನೇ ತನ್ನಿ, ಖಾಲಿಯಾದದ್ದಾದರೂ ಸರಿ.

ನಮ್ಮ ಅವ್ವನಿಗೆ ರಾತ್ರಿ ಉಸಿರು ಸಿಗದಂತೆ ಆದಾಗ ಹಾಗೇ ಎತ್ತಿಕೊಂಡು ಬಂದೆವು. ಕಾಗದವೆಲ್ಲ ಊರಿನ ಟ್ರಂಕಿನಲ್ಲಿ. "ಯಾವ ಗುಳಿಗೆ ತಗೋತಾರೆ?" ಎಂದು ಡಾಕ್ಟರು ಕೇಳಿದರು. "ಬಿಳೇದು, ದುಂಡಗಿದೆ" ಅಂದೆ. ಅದು ರಕ್ತ ತೆಳುವಾಗಿಸುವ ಗುಳಿಗೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಗುಳಿಗೆ ತೆಗೆದುಕೊಳ್ಳುವವರಿಗೆ ಏನು ಮಾಡಬೇಕಾದರೂ ಮೊದಲು ರಕ್ತ ಪರೀಕ್ಷೆ ಆಗಬೇಕಂತೆ. ತಮ್ಮ ಊರಿಗೆ ಹೋಗಿ ಫೈಲ್ ತರುವಷ್ಟರಲ್ಲಿ ಬೆಳಗಾಯಿತು. ಅವತ್ತಿನಿಂದ ಅವ್ವನ ಚೀಲ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತದೆ.

ಚೀಲದಲ್ಲಿ ಒಂದು ಹಾಳೆಯೂ ಇರಲಿ. ಹೆಸರು, ವಯಸ್ಸು, ಯಾವ ರೋಗ ಎಷ್ಟು ವರ್ಷದಿಂದ, ಹಿಂದೆ ಆದ ಆಪರೇಷನ್, ಯಾವ ಔಷಧಿ ಮೈಗೆ ಆಗುವುದಿಲ್ಲ, ರಕ್ತದ ಗುಂಪು, ಇಬ್ಬರ ಫೋನ್ ನಂಬರ್. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿದರೂ ಸಾಕು. ಇದರ ಜೊತೆಗೆ ಚಾದರ, ಚೊಂಬು, ತಾಟು, ಟವೆಲ್, ಚಾರ್ಜರ್. ಬೇಸಿಗೆಯಾದರೆ ಒಂದು ಬೀಸಣಿಕೆ. ನಮ್ಮ ಕಡೆಯ ಮೇ ತಿಂಗಳು ಗೊತ್ತಲ್ವಾ.

ಎರಡನೆಯದು: ಕಾಯಬಹುದಾ, ಈಗಲೇ ಓಡಬೇಕಾ?

ಎದೆ ನೋವು, ಎಡಗೈಗೋ ದವಡೆಗೋ ಹಬ್ಬುವ ನೋವು, ಜೊತೆಗೆ ಬೆವರು. ಬಾಯಿ ಒಂದು ಕಡೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಹಾವು ಕಡಿತ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದಿರುವುದು. ಬಸುರಿಗೆ ರಕ್ತ ಹೋಗುವುದು ಅಥವಾ ಫಿಟ್ಸ್ ಬರುವುದು. ಮಗು ಎಬ್ಬಿಸಿದರೂ ಏಳದಿರುವುದು. ಇವುಗಳಲ್ಲಿ ಯಾವುದಕ್ಕೂ "ಬೆಳಗ್ಗೆ ನೋಡೋಣ" ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಈ ಸೇವೆ ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾಯಿತು. ಇದಕ್ಕೆ ಹಣ ಕೊಡಬೇಕಿಲ್ಲ.

108ಕ್ಕೆ ಮಾತಾಡುವಾಗ ಸುಮ್ನೆ ಊರ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಊರು ಎರಡು ಮೂರು ಇರುತ್ತವೆ. ತಾಲ್ಲೂಕು, ಹೋಬಳಿ, ಯಾವ ರಸ್ತೆಯಿಂದ ತಿರುಗಬೇಕು, ಹತ್ತಿರದ ಗುಡಿ ಅಥವಾ ಶಾಲೆ ಯಾವುದು ಎಂದು ಹೇಳಿ. ಹೊಲದಲ್ಲಿದ್ದರೆ ರೋಗಿಯನ್ನು ಡಾಂಬರು ರಸ್ತೆಗೆ ತರುವ ಏರ್ಪಾಡು ಮಾಡಿ. ಒಬ್ಬ ಹುಡುಗ ಟಾರ್ಚ್ ಹಿಡಿದು ರಸ್ತೆಯಲ್ಲಿ ನಿಂತಿರಲಿ. ಕರೆ ಮಾಡಿದ ಫೋನನ್ನು ಬೇರೆ ಯಾರಿಗೂ ಮಾತಾಡಲು ಕೊಡಬೇಡಿ. ಡ್ರೈವರ್ ದಾರಿ ಕೇಳಲು ಅದೇ ನಂಬರಿಗೆ ಮಾಡುತ್ತಾರೆ.

ತುರ್ತಿನಲ್ಲಿ ಹತ್ತಿರದ ದವಾಖಾನೆ ದಾಟಿ ಸೀದಾ ಕಲಬುರಗಿಗೆ ಓಡುವುದು ಬಹಳ ಸಲ ತಪ್ಪಾಗುತ್ತದೆ. ಎದೆ ನೋವಿನದೇ ನೋಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಹೃದಯ ತಜ್ಞರಿಗೆ ಕಳಿಸುತ್ತಾರೆ. ರಕ್ತನಾಳ ಕಟ್ಟಿದೆ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಿನ ದವಾಖಾನೆ. ಲಕ್ವಾ (ಪಾರ್ಶ್ವವಾಯು) ಹೊಡೆದರೆ ಮಾತ್ರ ಸಿ.ಟಿ. ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ಹೆಪ್ಪು ಕರಗಿಸುವ ಔಷಧಿ ಕೆಲಸಕ್ಕೆ ಬರುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಆದ್ದರಿಂದ ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದನ್ನು ನೆನಪಿಟ್ಟು ಹೇಳಿ. "ಮಧ್ಯಾಹ್ನ" ಎಂದರೆ ಸಾಲದು, "ಊಟಕ್ಕೆ ಕೂತಾಗ, ಒಂದೂವರೆಗೆ" ಎನ್ನಿ. ಮಸಾಜ್, ನಾಟಿ ಎಣ್ಣೆ ಎಂದು ಮೊದಲ ದಿನ ಕಳೆಯಬೇಡಿ. ಆ ದಿನ ಮತ್ತೆ ಸಿಗುವುದಿಲ್ಲ.

ಹಾವು ಕಡಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತೊಗರಿ ಹೊಲದಲ್ಲಿ ದುಡಿಯುವವರು ನಾವು. ಹಗ್ಗ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕೈಯಾಗಲಿ ಕಾಲಾಗಲಿ, ಮುರಿದ ಮೂಳೆಗೆ ಕಟ್ಟುವಂತೆ ಕೋಲು ಇಟ್ಟು ಅಲುಗಾಡದಂತೆ ಮಾಡಿ. ಉಂಗುರ, ಕಾಲುಂಗುರ, ಬಳೆ ತೆಗೆಯಿರಿ, ಬಾವು ಬಂದರೆ ಆಮೇಲೆ ಬರುವುದಿಲ್ಲ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಹಾವನ್ನು ಹುಡುಕಿ ಹೊಡೆದು ತರುವ ಅಗತ್ಯವಿಲ್ಲ. ದವಾಖಾನೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು, ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. "ಸುಮ್ನೆ ಕೂರಿಸಿದ್ದಾರೆ" ಎಂದು ಜಗಳ ಮಾಡಬೇಡಿ, ಅದು ಪರೀಕ್ಷೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾರೆ.

ಬೆಳೆ ಎಣ್ಣೆ ಕುಡಿದವರನ್ನು ಕರೆತರುವಾಗ ಆ ಡಬ್ಬಿ ಅಥವಾ ಅದರ ಚೀಟಿ ತನ್ನಿ. ಯಾವ ವಿಷ ಎಂದು ತಿಳಿದರೆ ಔಷಧಿ ಬೇಗ ಶುರುವಾಗುತ್ತದೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. "ಪೊಲೀಸ್ ಕೇಸ್ ಆಗುತ್ತೆ" ಎಂದು ಹೆದರಿ ತಡ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ರಸ್ತೆಯಲ್ಲಿ ಬಿದ್ದವರನ್ನು ತಂದು ಸೇರಿಸಿದವರಿಗೂ ಕಾನೂನಿನ ರಕ್ಷಣೆ ಇದೆ. ನಿಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ನಾಯಿ ಕಚ್ಚಿದರೆ ಸುಣ್ಣ ಖಾರ ಹಚ್ಚಬೇಡಿ. ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಸೂಜಿ ಹಾಕಿಸಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7, 28ನೇ ದಿನ. ಗಾಯ ಆಳವಾಗಿದ್ದರೆ ಗಾಯದೊಳಗೆ ಕೊಡುವ ಇನ್ನೊಂದು ಔಷಧಿ ಬೇಕಾಗುತ್ತದೆ, ಅದನ್ನು ನೀವೇ ಬಾಯಿಬಿಟ್ಟು ಕೇಳಿ.

ಮೂರನೆಯದು: ಯಾವ ದವಾಖಾನೆಗೆ?

ಕಲಬುರಗಿಯಲ್ಲಿ ನಮ್ಮ ಜನ "ದೊಡ್ಡ ದವಾಖಾನೆ" ಎನ್ನುವುದು ಜಿಮ್ಸ್ ಜಿಲ್ಲಾ ಆಸ್ಪತ್ರೆಗೆ. ಗುಲಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆ ಎಂಬುದು ಪೂರ್ತಿ ಹೆಸರು. ಹೆರಿಗೆ, ಮಕ್ಕಳು, ಮೂಳೆ, ಕಣ್ಣು, ಅಪಘಾತ, ವಿಷ, ಇವಕ್ಕೆಲ್ಲ ಮೊದಲು ಇಲ್ಲಿಗೇ. ಹೃದಯಕ್ಕೆ ಜಯದೇವ ಇದೆ. 2016ರಿಂದ ಜಿಮ್ಸ್ ಆವರಣದಲ್ಲಿ ನಡೆಯುತ್ತಿತ್ತು. 2024ರ ಡಿಸೆಂಬರಿನಲ್ಲಿ ಅದಕ್ಕೆ 371 ಹಾಸಿಗೆಯ ಸ್ವಂತ ಕಟ್ಟಡ ಉದ್ಘಾಟನೆಯಾಯಿತು. ಆ ಸಂಖ್ಯೆ ನೋಡಿದರೆ ನಮ್ಮ ಕಡೆಯವರಿಗೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371-ಜೆ ವಿಧಿ ನೆನಪಾಗದೆ ಇರುವುದಿಲ್ಲ. ಒಂದು ಕಾಲಕ್ಕೆ ಆಂಜಿಯೋಗ್ರಾಂ ಎಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್ ಎಂಬಂತಿತ್ತು. ಅವ್ವನಿಗೆ ಇಲ್ಲೇ ಆಯಿತು ಎನ್ನುವುದು ನನಗೆ ಈಗಲೂ ದೊಡ್ಡ ಸಮಾಧಾನ.

ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಕೀಮೋಗೆಂದು ಪ್ರತಿ ಸಲ ಬೆಂಗಳೂರಿಗೆ ಹೋಗಬೇಕೇ ಎಂದು ಮೊದಲು ಇಲ್ಲಿ ಕೇಳಿ. ಹೋಗಲೇಬೇಕಾದರೆ ರೈಲಿನ ರಿಯಾಯಿತಿ ಬಳಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲೂ ಥರ್ಡ್ ಎಸಿಯಲ್ಲೂ ಟಿಕೆಟ್ ಉಚಿತ. ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು, ಅಷ್ಟೇ.

ಸೇಡಂ ರಸ್ತೆಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ವಾಡಿ, ಸೇಡಂ, ಶಹಾಬಾದ್ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವವರ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತದೆ. ಆದರೆ ಕಾರ್ಡ್ ಮಾಡಿಸಿಕೊಂಡಿರುವುದಿಲ್ಲ. ಗುತ್ತಿಗೆ ಕೆಲಸಗಾರರೂ ಸಂಬಳದ ಚೀಟಿ ತೆಗೆದು ನೋಡಿ. ಕಡಿತವಾಗುತ್ತಿದ್ದರೆ ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿರುವ ತಂದೆ ತಾಯಿಗೂ ಅಲ್ಲಿ ಹಕ್ಕಿದೆ. ಬಸವೇಶ್ವರ ಆಸ್ಪತ್ರೆ, ಖ್ವಾಜಾ ಬಂದಾ ನವಾಜ್ ಆಸ್ಪತ್ರೆ, ಇವು ಖಾಸಗಿ ವೈದ್ಯಕೀಯ ಕಾಲೇಜುಗಳ ಜೊತೆ ಇರುವವು. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ.

ತುರ್ತು ಅಲ್ಲದಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಆಗುವುದಿಲ್ಲ ಎಂದರೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಎಷ್ಟು ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ನಾಲ್ಕನೆಯದು: ಒಪಿಡಿಯ ದಿನ

ಊರಿನ ಮೊದಲ ಬಸ್ಸು ಹಿಡಿಯಿರಿ. ಎಲ್ಲ ತಜ್ಞರೂ ಎಲ್ಲ ದಿನ ಕೂರುವುದಿಲ್ಲ. ಅವರ ವಾರ ಯಾವುದೆಂದು ಮೊದಲೇ ಆಶಾ ಕಾರ್ಯಕರ್ತೆಯಿಂದಲೋ, ಊರಿಂದ ಹಿಂದೆ ಹೋಗಿ ಬಂದವರಿಂದಲೋ ತಿಳಿಯಿರಿ. ಶುಗರ್ ಪರೀಕ್ಷೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಕರೆತನ್ನಿ, ತಿನ್ನಲು ರೊಟ್ಟಿ ಕಟ್ಟಿಕೊಂಡಿರಿ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದಲ್ಲಿ ಬೆಳಗಿನ ಡೋಸ್ ಹಾಕಿಕೊಳ್ಳಬೇಕೇ ಎಂದು ಹಿಂದಿನ ಸಲವೇ ಕೇಳಿಕೊಂಡಿರಬೇಕು.

ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ನಾವೋ, ಹೋದ ವರ್ಷದ ಜಾತ್ರೆಯಿಂದ ಕಥೆ ಶುರು ಮಾಡುತ್ತೇವೆ. ಹಾಗಲ್ಲ. ಏನಾಗುತ್ತಿದೆ, ಎಷ್ಟು ದಿನದಿಂದ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಮ್ಮಿ, ಈಗ ಯಾವ ಗುಳಿಗೆ ನಡೆದಿದೆ. ಇಷ್ಟನ್ನು ಮನೆಯಲ್ಲೇ ಒಮ್ಮೆ ಹೇಳಿ ನೋಡಿ. ನಾಟಿ ಔಷಧಿ ತಿಂದಿದ್ದರೆ, ಊರಲ್ಲಿ ಯಾರೋ ಸೂಜಿ ಚುಚ್ಚಿದ್ದರೆ ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆ ಇರುತ್ತದೆ, ಗೊತ್ತು. ಒಂದು ಮಾತು ಬೈದರೂ ಪರವಾಗಿಲ್ಲ, ನಿಜ ಹೇಳಿ.

ಹೆಣ್ಣುಮಕ್ಕಳ ತೊಂದರೆಯನ್ನು ಅವರೇ ಹೇಳಲಿ. ಗಂಡನೋ ಮಾವನೋ ಪಕ್ಕದಲ್ಲಿ ನಿಂತು ಅವರ ಪರವಾಗಿ ಉತ್ತರ ಕೊಡುವುದನ್ನು ದಿನವೂ ನೋಡುತ್ತೇನೆ. ಬಿಳಿ ಸೆರಗು, ಗರ್ಭಕೋಶ ಜಾರುವುದು, ಎದೆಯಲ್ಲಿ ಗಂಟು, ಇವೆಲ್ಲ ಹಾಗೆ ನಿಂತವರ ಎದುರು ಬಾಯಿಗೆ ಬರುವುದೇ ಇಲ್ಲ. ನೀವು ಹೊರಗೆ ನಿಲ್ಲಿ. ಒಬ್ಬ ಹೆಂಗಸು ಜೊತೆಗಿರಲಿ.

ಭಾಷೆಯದೂ ಒಂದು ತೊಡಕು. ಗುರುಮಠಕಲ್ ಕಡೆಯ ಅಜ್ಜಿಗೆ ತೆಲುಗು, ಆಳಂದ ಗಡಿಯವರಿಗೆ ಮರಾಠಿ, ನಗರದ ಎಷ್ಟೋ ಜನರಿಗೆ ದಖನಿ. ಹೊರ ಊರಿಂದ ಬಂದ ಕಿರಿಯ ಡಾಕ್ಟರಿಗೆ ನಮ್ಮ "ಕಸುವಿಲ್ಲ", "ಹೊಟ್ಟಿ ಕಡಿತೈತಿ" ಎಂಬುದೂ ಅರ್ಥವಾಗದೆ ಇರಬಹುದು. ನೋವಿನ ಜಾಗಕ್ಕೆ ಕೈ ಇಟ್ಟು ತೋರಿಸಿ. ಪಕ್ಕದಲ್ಲಿರುವವರ ಸಹಾಯ ಕೇಳಿ. ಕೇಳಿದರೆ ಇಲ್ಲ ಎನ್ನುವವರನ್ನು ನಾನು ಕಂಡಿಲ್ಲ.

ಐದನೆಯದು: ಕಾರ್ಡಿನ ಕೆಲಸ ಸೇರಿಸಿದ ದಿನವೇ

ಎಲ್ಲಕ್ಕಿಂತ ಹೆಚ್ಚು ಕುಟುಂಬಗಳು ನಷ್ಟ ಮಾಡಿಕೊಳ್ಳುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಓದಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬವಾದರೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇ. 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ನಿಮ್ಮದು. ಈ 5 ಲಕ್ಷ ಒಬ್ಬೊಬ್ಬರಿಗೆ ಅಲ್ಲ, ಇಡೀ ಕುಟುಂಬಕ್ಕೆ. ನಮ್ಮ ಭಾಗಕ್ಕೆ ಇಂಥ ಯೋಜನೆ ಹೊಸದಲ್ಲ. ಇದಕ್ಕೂ ಮುಂಚಿನ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ಗುಲಬರ್ಗಾ ವಿಭಾಗದಿಂದ. ಆದರೂ ಕೌಂಟರಿನಲ್ಲಿ ಏನು ಕೇಳಬೇಕು ಎಂಬುದು ಇನ್ನೂ ಬಹಳ ಜನರಿಗೆ ಗೊತ್ತಿಲ್ಲ.

ಕಾರ್ಡನ್ನು ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಬಹುದು. ರೇಷನ್ ಕಾರ್ಡ್, ಆಧಾರ್ ಸಾಕು. ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ಯಾವ ದವಾಖಾನೆಗಾದರೂ ನೇರವಾಗಿ ಹೋಗಬಹುದು ಎಂದಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲ ಎಂದಾದರೆ ಅವರು ರೆಫರಲ್ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ರೆಫರಲ್ ಬೇಡ. ಇದನ್ನು ಅವರ ಭಾಷೆಯಲ್ಲಿ "4ಎ" ಎನ್ನುತ್ತಾರೆ. ಈ ಶಬ್ದ ನೆನಪಿಡಿ. ಹೃದಯಾಘಾತವೋ ದೊಡ್ಡ ಅಪಘಾತವೋ ಆಗಿ ಖಾಸಗಿಯಲ್ಲಿ ಸೇರಿಸಿದ್ದರೆ "ಇದು 4ಎಯಲ್ಲಿ ಬರುತ್ತದೆಯೇ?" ಎಂದು ಕೇಳಿ.

ಯಾರನ್ನು ಕೇಳಬೇಕು? ಆರೋಗ್ಯಮಿತ್ರರನ್ನು. ಯೋಜನೆಯ ಆಸ್ಪತ್ರೆಗಳಲ್ಲಿ ಅವರ ಮೇಜು ಇರುತ್ತದೆ. ರೋಗಿಯನ್ನು ವಾರ್ಡಿಗೆ ಹಾಕಿದ ಕೂಡಲೇ, ಚಹಾ ಕುಡಿಯುವ ಮೊದಲು, ಅವರ ಬಳಿ ಹೋಗಿ. ಆಸ್ಪತ್ರೆಯವರು ಚಿಕಿತ್ಸೆಯ ವಿವರವನ್ನು ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಹಣ ಕಟ್ಟಿಬಿಟ್ಟು ಆಮೇಲೆ ಕಾರ್ಡ್ ತೋರಿಸಿದರೆ ಕಟ್ಟಿದ ಹಣ ವಾಪಸ್ ಬರುವುದು ಬಹಳ ಕಷ್ಟ.

ನಮ್ಮ ಮನೆಯಲ್ಲೇ ಇದು ಆಗಿದೆ. ಸೋದರಮಾವನ ಕಾಲು ಮುರಿದಾಗ ಒಂದು ಖಾಸಗಿ ದವಾಖಾನೆಯಲ್ಲಿ ಸೇರಿಸಿದರು. "ಮೊದಲು ಅಡ್ವಾನ್ಸ್ ಕಟ್ಟಿ, ಕಾರ್ಡಿನದು ಆಮೇಲೆ ನೋಡೋಣ" ಎಂದರು. ಮಾವ ಎರಡು ಎತ್ತು ಮಾರಿದ ದುಡ್ಡು ತಂದು ಕಟ್ಟಿದರು. ಮೂರನೇ ದಿನ ನಾನು ಹೋಗಿ ಕೇಳಿದರೆ, ಆ ದವಾಖಾನೆ ಮೂಳೆ ಚಿಕಿತ್ಸೆಗೆ ಯೋಜನೆಯಲ್ಲೇ ಇರಲಿಲ್ಲ. ಆದ್ದರಿಂದ ಸೇರಿಸುವ ಮೊದಲು ಎರಡು ಪ್ರಶ್ನೆ ಕೇಳಿ. ನೀವು ಯೋಜನೆಯಲ್ಲಿದ್ದೀರಾ? ಈ ರೋಗಕ್ಕೆ ಇದ್ದೀರಾ? ಎರಡನೆಯದನ್ನು ಯಾರೂ ಕೇಳುವುದಿಲ್ಲ. ಸೊಲ್ಲಾಪುರ, ಹೈದರಾಬಾದಿಗೆ ಹೋಗುವವರು ಊರು ಬಿಡುವ ಮೊದಲೇ ಅಲ್ಲಿಗೆ ಫೋನ್ ಮಾಡಿ ಕರ್ನಾಟಕದ ಕಾರ್ಡ್ ನಡೆಯುತ್ತದೆಯೇ ಕೇಳಿ.

ಯೋಜನೆಯ ಬಗ್ಗೆ ವಿಚಾರಿಸಲು 14555, ಆರೋಗ್ಯದ ಯಾವುದೇ ಮಾಹಿತಿ, ಸಲಹೆ, ದೂರಿಗೆ 104. ಎರಡೂ ಉಚಿತ ಕರೆ.

ಆರನೆಯದು: ವಾರ್ಡಿನಲ್ಲಿ

ಒಬ್ಬರೇ ಮಾತಾಡಿ. ಬೆಳಗ್ಗೆ ಅಣ್ಣ, ಮಧ್ಯಾಹ್ನ ಭಾವ, ಸಂಜೆ ಚಿಕ್ಕಪ್ಪ ಒಂದೇ ಪ್ರಶ್ನೆ ಕೇಳಿದರೆ ಡಾಕ್ಟರಿಗೂ ಸಿಸ್ಟರಿಗೂ ಸಾಕಾಗುತ್ತದೆ. ಒಬ್ಬರನ್ನು ನಿಗದಿ ಮಾಡಿ. ಅವರು ರೌಂಡ್ಸಿನ ಹೊತ್ತಿಗೆ ಹಾಸಿಗೆ ಪಕ್ಕದಲ್ಲಿರಲಿ. ಅಲ್ಲಿ ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯವರಿಗೆ ಹೇಳಲಿ. ಪಾಳಿ ಬದಲಾಗುವಾಗ ಆ ನೋಟ್‌ಬುಕ್ಕೂ ಕೈ ಬದಲಾಗಬೇಕು.

ಸಲಾಯಿನ್ ಮುಗಿಯುತ್ತಾ ಬಂದಾಗ ಸಿಸ್ಟರಿಗೆ ಹೇಳಿ, ನೀವೇ ತಿರುಗಿಸಬೇಡಿ. ಹಾಕಿದ ಜಾಗ ಉಬ್ಬಿದರೆ, ಕೆಂಪಾದರೆ ಕೂಡಲೇ ತೋರಿಸಿ. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ನೋಡಿ. ಹಾಸಿಗೆ ಹುಣ್ಣು ಒಮ್ಮೆ ಬಂದರೆ ಮೂಲ ರೋಗಕ್ಕಿಂತ ಜಾಸ್ತಿ ಕಾಡುತ್ತದೆ. ಉಣಿಸುವಾಗ ಕೂರಿಸಿ ಉಣಿಸಿ, ಮಲಗಿಸಿ ಅಲ್ಲ. ಮೂಗಿನ ನಳಿಕೆ ಇದ್ದರೆ ಸಿಸ್ಟರ್ ತೋರಿಸಿದಂತೆಯೇ ಹಾಕಿ. ಪ್ರೀತಿಗೆಂದು ರೊಟ್ಟಿ, ಪುಂಡಿಪಲ್ಯ ತಂದಿರುತ್ತೀರಿ. ಕೊಡಬಹುದೇ ಎಂದು ಮೊದಲು ಕೇಳಿ. ಕಿಡ್ನಿ ರೋಗಿಗೆ ಎಳನೀರು, ಬಾಳೆಹಣ್ಣು ತರುವುದು ನಮ್ಮಲ್ಲಿ ರೂಢಿ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಅವರಿಗೆ ಅದು ಹೃದಯಕ್ಕೇ ಅಪಾಯ ತರಬಹುದು.

ಸಹಿ ಹಾಕುವ ಮೊದಲು ಕಾಗದದಲ್ಲಿ ಏನಿದೆ ಎಂದು ಕನ್ನಡದಲ್ಲಿ ಓದಿಸಿಕೊಳ್ಳಿ. ಹೆಬ್ಬೆಟ್ಟು ಒತ್ತುವವರಿಗೂ ಈ ಹಕ್ಕಿದೆ. ಆಪರೇಷನ್ ಯಾಕೆ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ, ಇಷ್ಟನ್ನು ಕೇಳಿ. "ನಮ್ಮ ಇಚ್ಛೆಯಿಂದ ಕರೆದುಕೊಂಡು ಹೋಗುತ್ತಿದ್ದೇವೆ" ಎಂದು ಬರೆದುಕೊಟ್ಟು ಹೊರಡುವ ಮೊದಲು ಒಂದು ರಾತ್ರಿ ಯೋಚಿಸಿ. ಬಹಳ ಸಲ ಅದರ ಹಿಂದೆ ಇರುವುದು ರೋಗವಲ್ಲ, ಊರಲ್ಲಿ ದನ ಕಾಯುವವರಿಲ್ಲ ಎಂಬ ಚಿಂತೆ.

ನಿಮ್ಮ ಊಟ, ನಿದ್ದೆ ಬಿಡಬೇಡಿ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಶರಣಬಸವೇಶ್ವರ ಗುಡಿಯ ದಾಸೋಹವೂ ಇದೆ. ಜೊತೆಗಿದ್ದವರೇ ತಲೆ ತಿರುಗಿ ಬಿದ್ದು ಅಡ್ಮಿಟ್ ಆದದ್ದನ್ನು ನೋಡಿದ್ದೇನೆ. ಮನಸ್ಸು ಬಹಳ ಕುಗ್ಗಿದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡುತ್ತಾರೆ.

ರಕ್ತ ಬೇಕು ಎಂದಾಗ

ಮೊದಲು ರೋಗಿಯ ಗುಂಪು, ಎಷ್ಟು ಬಾಟಲಿ, ಯಾವಾಗ, ಪೂರ್ತಿ ರಕ್ತವೋ ಪ್ಲೇಟ್‌ಲೆಟ್ಟೋ ಎಂದು ಕೇಳಿ. ಆಸ್ಪತ್ರೆಯ ರಕ್ತನಿಧಿಯಲ್ಲಿ ವಿಚಾರಿಸಿ. ಇ-ರಕ್ತಕೋಶ ಜಾಲತಾಣದಲ್ಲಿ ಹತ್ತಿರದ ರಕ್ತನಿಧಿಗಳಲ್ಲಿ ಏನಿದೆ ಎಂದು ನೋಡಬಹುದು. ಗೇಟಿನ ಬಳಿ ಬಂದು "ರಕ್ತ ಕೊಡುವವರಿದ್ದಾರೆ, ಇಷ್ಟು ಕೊಡಿ" ಎನ್ನುವವರಿಗೆ ಹಣ ಕೊಡಬೇಡಿ. ರಕ್ತ ಮಾರುವುದು ಕಾನೂನಿಗೆ ವಿರುದ್ಧ. ಹಾಗೆ ಬಂದ ರಕ್ತ ರೋಗಿಗೂ ಅಪಾಯ.

ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ 45 ಕಿಲೋಗಿಂತ ಕಮ್ಮಿ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೊಟ್ಟರೆ ಕಸುವು ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ರೋಗವಿರುವ ಮಕ್ಕಳಿಗೆ ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಬೇಸಿಗೆಯಲ್ಲಿ ಕಾಲೇಜು ರಜೆ, ಶಿಬಿರ ಕಮ್ಮಿ. ಆಗ ಕೊಡುವವರಿದ್ದರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಹೆರಿಗೆ, ಡಯಾಲಿಸಿಸ್, ಕ್ಷಯ: ಬೇಗ ಬೇಗ

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಒಂದು ವರ್ಷದೊಳಗಿನ ಮಗುವಿಗೂ ಹಾಗೇ. ಬಾಣಂತಿಯನ್ನು ಮನೆಗೆ ಬಿಡಲು ನಗು ಮಗು ವಾಹನ ಕೇಳಿ. ತಾಯಿ ಕಾರ್ಡ್ ಮರೆಯಬೇಡಿ.

ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆ. ಕಾಕಾ ವಾರಕ್ಕೆ ಎರಡು ಸಲ ಹೋಗುತ್ತಾರೆ, ಒಂದು ಸಲಕ್ಕೆ ನಾಲ್ಕು ಗಂಟೆ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸುವ ಆಪರೇಷನ್) ಮಾಡಿದ ಕೈಯಲ್ಲಿ ಬಿ.ಪಿ. ನೋಡಲು, ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ. ಆ ಕೈಯಲ್ಲಿ ಭಾರ ಎತ್ತಬಾರದು, ಅದರ ಮೇಲೆ ತಲೆ ಇಟ್ಟು ಮಲಗಬಾರದು.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ಕ್ಷಯದ ಔಷಧಿಯೂ ಉಚಿತ, ಚಿಕಿತ್ಸೆ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಗುಳೆ ಹೋಗುವವರು ಔಷಧಿ ನಿಲ್ಲಿಸಬೇಡಿ. ಹೋಗುವ ಊರಿನ ಆಸ್ಪತ್ರೆಗೆ ವರ್ಗ ಮಾಡಿಸಿಕೊಳ್ಳಬಹುದು.

ತೊಂದರೆ ಆದರೆ ಯಾರಿಗೆ ಹೇಳುವುದು?

ಮೊದಲು ವಾರ್ಡಿನ ಸಿಸ್ಟರ್ ಇನ್‌ಚಾರ್ಜ್, ಆಮೇಲೆ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಅಥವಾ ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ), ನಂತರ ಜಿಲ್ಲಾ ಆರೋಗ್ಯ ಅಧಿಕಾರಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ದಿನಾಂಕ, ಹೊತ್ತು, ವಾರ್ಡ್ ನಂಬರ್ ಹಾಕಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಸರ್ಕಾರದ ಜನಸ್ಪಂದನ ಸಹಾಯವಾಣಿ 1902. ಲಂಚ ಕೇಳಿದರೆ ಲೋಕಾಯುಕ್ತ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಿರಬೇಕು. ಬಿಲ್ ಬಾಕಿ ಇದೆ ಎಂದು ಹೆಣ ಕೊಡದೆ ಇರುವಂತಿಲ್ಲ. 2017ರ ಕಾನೂನು ತಿದ್ದುಪಡಿಯಲ್ಲಿ ಇದು ಸ್ಪಷ್ಟವಾಗಿದೆ. ಅಂಥ ಹೊತ್ತಿನಲ್ಲಿ ಮನೆಯವರಿಗೆ ಮಾತಾಡುವ ಶಕ್ತಿ ಇರುವುದಿಲ್ಲ. ಇದನ್ನು ತಿಳಿದ ನೆರೆಯವರು ಜೊತೆಗೆ ಹೋಗಿ ನಿಲ್ಲಿ.

ಆದರೆ ಸಿಟ್ಟಿನಲ್ಲಿ ಸಿಸ್ಟರ್ ಮೇಲೆ, ಡಾಕ್ಟರ ಮೇಲೆ ಕೈ ಎತ್ತಬೇಡಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಎಷ್ಟೋ ಹಾಸಿಗೆ ನೋಡುತ್ತಿರುತ್ತಾರೆ. ಅವ್ವನ ಕಾಲು ಒತ್ತುತ್ತಾ "ಅಜ್ಜಿ, ಹೆದರಬ್ಯಾಡ್ರಿ" ಎಂದದ್ದೂ ಅಂಥವರೇ.

ಡಿಸ್ಚಾರ್ಜ್ ದಿನ ಗಡಿಬಿಡಿ ಬೇಡ

ಬಸ್ಸಿನ ಹೊತ್ತಾಯಿತು ಎಂದು ಓಡಬೇಡಿ. ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಸ್ಕ್ಯಾನ್ ಹಾಳೆ, ರಕ್ತದ ವರದಿ ಎಲ್ಲ ಕೇಳಿ ಪಡೆಯಿರಿ. ಹೆಸರು, ವಯಸ್ಸು ಆಧಾರಿನಲ್ಲಿ ಇದ್ದಂತೆಯೇ ಇದೆಯೇ ನೋಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವುದಿದ್ದರೆ ಮೂಲ ಬಿಲ್ಲುಗಳೇ ಬೇಕು. ಎಲ್ಲದರ ಫೋಟೊ ತೆಗೆದು ಮನೆಯ ಇಬ್ಬರ ಫೋನಿಗೆ ಕಳಿಸಿ.

ಪ್ರತಿ ಗುಳಿಗೆಗೂ ಕೇಳಿ: ಯಾಕೆ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ. ಓದಲು ಬಾರದವರಿಗೆ ನಾನು ಮಾಡುವುದು ಹೀಗೆ. ಮೂರು ಬಟ್ಟೆ ಚೀಲ ಹೊಲಿಸಿದ್ದೇನೆ. ಬೆಳಗಿನದು ಹಳದಿ, ಮಧ್ಯಾಹ್ನದ್ದು ಕೆಂಪು, ರಾತ್ರಿಯದು ಕಪ್ಪು. ಅವ್ವ ಎರಡು ವರ್ಷದಿಂದ ಒಂದು ಡೋಸೂ ತಪ್ಪಿಸಿಲ್ಲ. ಬೆಲೆ ಜಾಸ್ತಿ ಎನಿಸಿದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಬೇರೆ ಹೆಸರಲ್ಲಿ ಸಿಗುತ್ತದೆಯೇ ಕೇಳಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಂಡರೆ ಅಲ್ಲಿ ಹುಡುಕುವುದು ಸುಲಭ.

ಏನಾದರೆ ತಿರುಗಿ ಬರಬೇಕು ಎಂಬುದನ್ನೂ ಕೇಳಿಕೊಳ್ಳಿ. ಜ್ವರ, ಹೊಲಿಗೆಯಲ್ಲಿ ಕೀವು, ಉಸಿರಾಟದ ತೊಂದರೆ, ಕಾಲು ಬಾವು. ಮುಂದಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ.

ಊರಿಗೆ ಬಂದ ಮೇಲೆ

ಬಂದ ಎರಡು ದಿನದೊಳಗೆ ಆಶಾ ಕಾರ್ಯಕರ್ತೆಗೆ ಡಿಸ್ಚಾರ್ಜ್ ಚೀಟಿ ತೋರಿಸಿ. ಬಿ.ಪಿ. ನೋಡುವುದು, ಡ್ರೆಸ್ಸಿಂಗ್ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಅದಕ್ಕೂ ಕಲಬುರಗಿಗೆ ಬರುವ ಖರ್ಚು ಯಾಕೆ?

ನಮ್ಮ ಊರಲ್ಲಿ ನಾಲ್ಕು ಕೆಲಸ ಮಾಡಿಕೊಂಡಿದ್ದೇವೆ. ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ರಕ್ತದ ಗುಂಪು ಬರೆದಿಟ್ಟಿದ್ದಾರೆ. ರಾತ್ರಿ ಕರೆದರೂ ಬರುವ ಇಬ್ಬರು ಟಂಟಂ (ದೊಡ್ಡ ಆಟೊ) ಡ್ರೈವರ್‌ಗಳ ನಂಬರನ್ನು ಹಾಲಿನ ಡೇರಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಹೆಣ್ಣುಮಕ್ಕಳ ಸ್ವಸಹಾಯ ಸಂಘದವರು ದವಾಖಾನೆ ಖರ್ಚಿಗೆಂದು ವಾರಕ್ಕೆ ಹತ್ತು ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತಾರೆ. ಯಾರ ಮನೆಯವರು ದವಾಖಾನೆಯಲ್ಲಿದ್ದರೂ ಅವರ ಎಮ್ಮೆ ಹಿಂಡುವುದು, ಮಕ್ಕಳಿಗೆ ಉಣಿಸುವುದು ಪಕ್ಕದ ಮನೆಯವರ ಪಾಳಿ. ಕಾಕಾನ ಡಯಾಲಿಸಿಸ್ ಮಂಗಳವಾರ, ಶುಕ್ರವಾರ. ಬೆಳಗ್ಗೆ ಆರಕ್ಕೆ ಟಂಟಂ ಬಾಗಿಲಿಗೆ ಬರುತ್ತದೆ. ಕಾಕು ರೊಟ್ಟಿ ಕಟ್ಟಿಟ್ಟಿರುತ್ತಾರೆ. ಮೊಳೆಯಲ್ಲಿದ್ದ ಚೀಲ ಹೆಗಲಿಗೆ ಹಾಕಿಕೊಂಡು ಕಾಕಾ ಹೊರಡುತ್ತಾರೆ, ಈ ವಾರ ಜೊತೆಗೆ ಯಾರ ಪಾಳಿ ಎಂದು ಕೇಳುತ್ತಾ.